ಅಣುವ್ರತವೂ ಅತಿಚಾರವೂ: ಹವಾಮಾನ ರಾಜಕಾರಣದ ರಾಜಿಗಳನ್ನು ಅಳೆಯುವ ಬಗೆ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ ಶಾಸನವೊಂದಿದೆ. ಶಕ ವರ್ಷ 1290, ಎಂದರೆ ಕ್ರಿ.ಶ. 1368ರದು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಕುರಿತು ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ಅರಸನು ಬಗೆಹರಿಸಿದ ಸಂಗತಿ ಅದರಲ್ಲಿ ದಾಖಲಾಗಿದೆ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಒಂದು ದರ್ಶನಕ್ಕೆ ಆದ ಹಾನಿಯನ್ನು ಇನ್ನೊಂದು ದರ್ಶನದವರು ತಮ್ಮದೇ ಹಾನಿಯೆಂದು ಬಗೆಯಬೇಕೆಂದು ಅರಸನು ವಿಧಿಸಿದ ಭಾಗವನ್ನು ಮತಸಾಮರಸ್ಯದ ನಿದರ್ಶನವಾಗಿ ವಿದ್ವಾಂಸರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಅದರ ಮುಂದಿನ ಸಾಲುಗಳಿಗೆ ಅಷ್ಟು ಗಮನ ದೊರೆತಿಲ್ಲ. ಜೈನರ ಪ್ರತಿಯೊಂದು ಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಸಂಗ್ರಹಿಸಬೇಕು. ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಉಳಿದದ್ದನ್ನು ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಲು ಬಳಸಬೇಕು. ಈ ಹೊಣೆಯನ್ನು ತಿರುಮಲೆಯ ತಾತಯ್ಯ ನಡೆಸಬೇಕು. ಇದನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ ಎನಿಸುತ್ತಾನೆ. ಹೊಣೆಗಾರನ ಹೆಸರು, ಮೊತ್ತ, ಆಳುಗಳ ಸಂಖ್ಯೆ, ಮೀರಿದವನಿಗೆ ಒದಗುವ ಗತಿ ಎಲ್ಲವೂ ಕಲ್ಲಿನ ಮೇಲಿವೆ.

ಇದೊಂದು ರಾಜಿ. ಅರಬ್ಬಿ ಮೂಲದಿಂದ ಬಂದ ಈ ಪದಕ್ಕೆ ಒಪ್ಪಿದವನು, ತೃಪ್ತನಾದವನು ಎಂಬ ಅರ್ಥವಿತ್ತು. ಇಂದಿನ ಕನ್ನಡದಲ್ಲಿ 'ರಾಜಿಯಾದನು' ಎಂದರೆ ತತ್ತ್ವವನ್ನು ಬಿಟ್ಟುಕೊಟ್ಟನೆಂಬ ಧ್ವನಿಯೇ ಮುಂದಾಗಿ ಕೇಳಿಸುತ್ತದೆ. ಅರ್ಥದ ಈ ಇಳಿತಕ್ಕೆ ಕಾರಣವಿಲ್ಲದಿಲ್ಲ. ಆದರೆ ರಾಜಿಯೆಂದರೆ ದ್ರೋಹವೇ ಎಂದು ತೀರ್ಮಾನಿಸಿದವನಿಗೆ ಒಳ್ಳೆಯ ರಾಜಿಯನ್ನು ಕೆಟ್ಟ ರಾಜಿಯಿಂದ ಬೇರ್ಪಡಿಸುವ ಸಾಧನವೇ ಕೈತಪ್ಪುತ್ತದೆ. ಹವಾಮಾನದ ಬಿಕ್ಕಟ್ಟನ್ನು ಕುರಿತ ಇಂದಿನ ರಾಜಕಾರಣದಲ್ಲಿ ಆ ಸಾಧನದ ಕೊರತೆಯೇ ಎದ್ದು ಕಾಣುತ್ತದೆ.

2021ರ ನವೆಂಬರ್ 13ರಂದು ಗ್ಲಾಸ್ಗೋ ನಗರದಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಮುಕ್ತಾಯದ ಹಂತಕ್ಕೆ ಬಂದಿತ್ತು. ಹಿಡಿದಿಡುವ ವ್ಯವಸ್ಥೆಯಿಲ್ಲದ ಕಲ್ಲಿದ್ದಲು ವಿದ್ಯುತ್ತನ್ನು ಹಂತಹಂತವಾಗಿ 'ಇಲ್ಲವಾಗಿಸುವ' ಮಾತು ಕರಡಿನಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಭಾರತದ ಪ್ರತಿನಿಧಿ ಅದನ್ನು 'ತಗ್ಗಿಸುವ' ಎಂದು ಬದಲಿಸುವ ಸೂಚನೆಯನ್ನು ಓದಿದರು. ಚೀನಾದ ಒತ್ತಾಸೆಯೂ ಅದಕ್ಕಿತ್ತು. ದ್ವೀಪರಾಷ್ಟ್ರಗಳು ನೋವಿನಿಂದ ಆಕ್ಷೇಪಿಸಿದವು, ಆದರೆ ಒಪ್ಪಂದ ಮುರಿಯಬಾರದೆಂದು ಸಮ್ಮತಿಸಿದವು. ಅಧ್ಯಕ್ಷ ಅಲೋಕ್ ಶರ್ಮಾ ಸಭೆಯ ಕ್ಷಮೆ ಕೇಳಿ, ಗದ್ಗದಿತರಾಗಿ ಮಾತು ನಿಲ್ಲಿಸಿದರು. ಒಂದು ಕ್ರಿಯಾಪದದ ಬದಲಾವಣೆಗೆ ಒಬ್ಬ ರಾಜಕಾರಣಿಯ ಕಣ್ಣು ತುಂಬಿ ಬಂದದ್ದು ಪದಗಳೊಡನೆ ಬದುಕುವ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸಲಾರದು.

ಆ ರಾತ್ರಿಯ ಬದಲಾವಣೆಯನ್ನು ಕುರಿತು ಎರಡು ತೀರ್ಪುಗಳು ಹೊರಬಿದ್ದವು. ಇದು ಭೂಮಿಗೆ ಬಗೆದ ದ್ರೋಹ ಎಂಬುದು ಒಂದು. ರಾಜಕಾರಣವೆಂದರೆ ಹೀಗೆಯೇ, ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವವನು ಮುಗ್ಧ ಎಂಬುದು ಇನ್ನೊಂದು. ಎರಡರಲ್ಲಿಯೂ ಅಳತೆಯಿಲ್ಲ. ಭಾರತದ ವಾದದಲ್ಲಿ ನ್ಯಾಯದ ಅಂಶವಿತ್ತು: ಕರಡು ಕಲ್ಲಿದ್ದಲನ್ನು ಮಾತ್ರ ಹೆಸರಿಸಿತ್ತು, ಶ್ರೀಮಂತ ರಾಷ್ಟ್ರಗಳು ನೆಚ್ಚಿರುವ ತೈಲ ಮತ್ತು ಅನಿಲವನ್ನು ಬಿಟ್ಟಿತ್ತು. ಒಬ್ಬ ಭಾರತೀಯನ ಸರಾಸರಿ ಇಂಗಾಲದ ಹೊರಸೂಸುವಿಕೆ ಅಮೆರಿಕದವನದರ ಒಂದು ಸಣ್ಣ ಪಾಲು ಮಾತ್ರ. ಇಷ್ಟಾದರೂ 'ತಗ್ಗಿಸುವುದು' ಎಂಬ ಮಾತಿಗೆ ಎಷ್ಟು, ಎಂದಿನೊಳಗೆ ಎಂಬ ವಿಶೇಷಣಗಳು ಸೇರಲಿಲ್ಲ. ಹಾಗಾದರೆ ಅದು ಯಾವ ಬಗೆಯ ರಾಜಿ? ಈ ಪ್ರಶ್ನೆಗೆ ಉತ್ತರಿಸಲು ಜೈನ ಶ್ರಾವಕಾಚಾರ ಪರಂಪರೆಯಲ್ಲಿ ಸಿದ್ಧವಾದ ಮಾನದಂಡವೊಂದಿದೆ.

ಜೈನಧರ್ಮವು ರಾಜಿಯನ್ನರಿಯದ ಕಠೋರ ಧರ್ಮವೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುತಃ ಅದು ಗೃಹಸ್ಥನ ಬದುಕಿಗೆ ಒಂದು ವಿಸ್ತಾರವಾದ ರಾಜಿಯನ್ನೇ ಶಾಸ್ತ್ರವಾಗಿ ಕಟ್ಟಿದೆ. ಹಿಂಸೆ, ಅಸತ್ಯ, ಚೌರ್ಯ, ಅಬ್ರಹ್ಮ, ಪರಿಗ್ರಹಗಳಿಂದ ಪೂರ್ಣವಾಗಿ ವಿರತನಾಗುವುದು ಮುನಿಯ ಮಹಾವ್ರತ. ಅಂಶತಃ ವಿರತನಾಗುವುದು ಶ್ರಾವಕನ ಅಣುವ್ರತ. ಉಳುವವನು, ವ್ಯಾಪಾರ ಮಾಡುವವನು, ರಾಜ್ಯವಾಳುವವನು ಪೂರ್ಣ ಅಹಿಂಸೆಯನ್ನು ಪಾಲಿಸಲಾರನೆಂಬ ವಾಸ್ತವವನ್ನು ಆಚಾರ್ಯರು ಒಪ್ಪಿದರು. ಆದರೆ ಒಪ್ಪಿದ್ದರ ಜೊತೆಗೆ ಮೂರು ಷರತ್ತುಗಳನ್ನು ಇರಿಸಿದರು. ಮೊದಲನೆಯದು ಪರಿಮಾಣ: ಎಷ್ಟು ಹೊಲ, ಎಷ್ಟು ಮನೆ, ಎಷ್ಟು ಬೆಳ್ಳಿ ಬಂಗಾರ, ಎಷ್ಟು ಧನಧಾನ್ಯ ಎಂಬುದನ್ನು ವ್ರತಿಯು ಎಣಿಸಿ ಹೇಳಬೇಕು. 'ಯಥಾಸಾಧ್ಯ ಕಡಿಮೆ ಮಾಡುತ್ತೇನೆ' ಎಂಬುದು ವ್ರತವಾಗುವುದಿಲ್ಲ. ಎರಡನೆಯದು ಸಾಕ್ಷಿ: ವ್ರತವನ್ನು ಗುರುವಿನ ಸನ್ನಿಧಿಯಲ್ಲಿ ಸ್ವೀಕರಿಸಬೇಕು. ಮೂರನೆಯದೇ ಅತ್ಯಂತ ಸೂಕ್ಷ್ಮವಾದದ್ದು. ವ್ರತಿಯು ಯಾವ ಯಾವ ದಾರಿಯಿಂದ ತಪ್ಪಿಸಿಕೊಳ್ಳಲು ಯತ್ನಿಸಬಹುದೆಂಬುದನ್ನು ಮುಂಚಿತವಾಗಿಯೇ ಊಹಿಸಿ ಪಟ್ಟಿಮಾಡಬೇಕು. ಆ ಪಟ್ಟಿಯೇ ಅತಿಚಾರಗಳ ಪ್ರಕರಣ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸುತ್ತದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಿಂದ ಮೊದಲ್ಗೊಂಡು ಅನೇಕ ವ್ಯಾಖ್ಯಾನಗಳು ಇವುಗಳನ್ನು ವಿವರಿಸಿವೆ. ಅತಿಚಾರವು ವ್ರತಭಂಗವಲ್ಲ. ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಆಶಯವನ್ನು ಕೆಡಿಸುವ ಕ್ರಿಯೆ ಅದು. ಭಂಗ ಮಾಡಿದವನಿಗೆ ತಾನು ತಪ್ಪಿದೆನೆಂಬ ಅರಿವಾದರೂ ಇರುತ್ತದೆ. ಅತಿಚಾರಿಗೆ ತಾನು ವ್ರತಸ್ಥನೆಂಬ ನೆಮ್ಮದಿಯಿರುತ್ತದೆ. ಇಂದಿನ ಹವಾಮಾನ ಒಪ್ಪಂದಗಳ ಇತಿಹಾಸವನ್ನು ಓದುವವನಿಗೆ ಈ ಪ್ರಕರಣವು ಆಶ್ಚರ್ಯಕರವಾಗಿ ಸಮಕಾಲೀನವೆನಿಸುತ್ತದೆ.

ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬುದೊಂದಿದೆ: ತಾನೇ ವಿಧಿಸಿಕೊಂಡ ಎಲ್ಲೆಯನ್ನು ಲೋಭದಿಂದ ಹಿಗ್ಗಿಸುವುದು. ಶ್ವೇತಾಂಬರ ಶ್ರಾವಕಾಚಾರ ಗ್ರಂಥಗಳು ಇದಕ್ಕೆ ಸೊಗಸಾದ ಉದಾಹರಣೆ ಕೊಡುತ್ತವೆ. ಪೂರ್ವಕ್ಕೆ ನೂರು ಯೋಜನ, ಪಶ್ಚಿಮಕ್ಕೆ ನೂರು ಯೋಜನ ಎಂದು ಗಡಿ ಹಾಕಿಕೊಂಡವನು ಪೂರ್ವದಲ್ಲಿ ಹತ್ತನ್ನು ಕಳೆದು ಪಶ್ಚಿಮಕ್ಕೆ ಸೇರಿಸಿಕೊಳ್ಳುತ್ತಾನೆ. ಒಟ್ಟು ಲೆಕ್ಕ ಸರಿಯಿದೆ, ವ್ರತ ಮಾತ್ರ ಇಲ್ಲ. ಪರಿಗ್ರಹ ಪರಿಮಾಣ ವ್ರತದಲ್ಲಿಯೂ ಇಂಥದೇ ಉದಾಹರಣೆ ಬರುತ್ತದೆ. ಒಂದೇ ಮನೆಯೆಂದು ಮಿತಿ ಹಾಕಿಕೊಂಡವನು ನೆರೆಮನೆಯನ್ನೂ ಕೊಂಡು ನಡುವಣ ಗೋಡೆಯನ್ನು ಕೆಡಹುತ್ತಾನೆ; ಎರಡು ಮನೆಗಳು ಒಂದಾಗುತ್ತವೆ, ಎಣಿಕೆ ಕೆಡುವುದಿಲ್ಲ.

1997ರ ಕ್ಯೋಟೋ ಒಪ್ಪಂದವು ಕೈಗಾರಿಕಾ ರಾಷ್ಟ್ರಗಳ ಒಟ್ಟು ಹೊರಸೂಸುವಿಕೆಯನ್ನು 2008ರಿಂದ 2012ರ ಅವಧಿಯಲ್ಲಿ 1990ರ ಮಟ್ಟಕ್ಕಿಂತ ಕನಿಷ್ಠ ಶೇಕಡ 5ರಷ್ಟು ತಗ್ಗಿಸುವ ಮಿತಿಯನ್ನು ಹಾಕಿತು. ಅದರ ಜೊತೆಯಲ್ಲಿಯೇ, ಬೇರೊಂದು ದೇಶದಲ್ಲಿ ನಡೆದ ಕಡಿತವನ್ನು ಹಣ ಕೊಟ್ಟು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವ ಅವಕಾಶವನ್ನೂ ಕೊಟ್ಟಿತು. ಶೈತ್ಯಕಾರಕ ಅನಿಲವನ್ನು ತಯಾರಿಸುವಾಗ ಎಚ್‌ಎಫ್‌ಸಿ-23 ಎಂಬ ಉಪಉತ್ಪನ್ನ ಹುಟ್ಟುತ್ತದೆ. ಇಂಗಾಲದ ಡೈಆಕ್ಸೈಡ್‌ಗಿಂತ ಅದರ ತಾಪಕಾರಕ ಶಕ್ತಿ ಹತ್ತು ಸಾವಿರ ಪಟ್ಟಿಗೂ ಅಧಿಕ. ಅದನ್ನು ಸುಟ್ಟು ನಾಶಮಾಡಲು ತಗಲುವ ವೆಚ್ಚಕ್ಕಿಂತ, ಸುಟ್ಟದ್ದಕ್ಕೆ ದೊರೆಯುವ ಇಂಗಾಲ ಪತ್ರಗಳ ಬೆಲೆ ಬಹಳ ಹೆಚ್ಚಾಗಿತ್ತು. ಭಾರತ ಮತ್ತು ಚೀನಾದ ಕಾರ್ಖಾನೆಗಳಿಗೆ ಇದು ದೊಡ್ಡ ಆದಾಯವಾಯಿತು. ಸುಡುವುದಕ್ಕಾಗಿಯೇ ಅನಿಲವನ್ನು ಹೆಚ್ಚಾಗಿ ಉತ್ಪಾದಿಸುವ ಪ್ರಲೋಭನೆ ಹುಟ್ಟಿತು. ಕಡೆಗೆ ಐರೋಪ್ಯ ಒಕ್ಕೂಟವು 2013ರಿಂದ ಈ ಪತ್ರಗಳನ್ನು ತನ್ನ ಮಾರುಕಟ್ಟೆಯಲ್ಲಿ ನಿಷೇಧಿಸಬೇಕಾಯಿತು. ಗೋಡೆ ಕೆಡವಿ ಎರಡು ಮನೆಗಳನ್ನು ಒಂದಾಗಿಸಿದ ಶ್ರಾವಕನಿಗೂ ಈ ಲೆಕ್ಕಿಗನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ದೇಶವ್ರತದ ಅತಿಚಾರಗಳಲ್ಲಿ ಆನಯನ ಮತ್ತು ಪ್ರೇಷ್ಯಪ್ರಯೋಗ ಎಂಬವು ಬರುತ್ತವೆ. ತಾನು ಎಲ್ಲೆಯೊಳಗೇ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ಎಲ್ಲೆಯಾಚೆಗಿನ ಕೆಲಸವನ್ನು ಆಳಿನಿಂದ ಮಾಡಿಸುವುದು ಪ್ರೇಷ್ಯಪ್ರಯೋಗ. ಕಾಲು ಗಡಿ ದಾಟಿಲ್ಲವಾದ್ದರಿಂದ ವ್ರತ ಮುರಿದಿಲ್ಲವೆಂಬ ವಾದವನ್ನು ಆಚಾರ್ಯರು ಒಪ್ಪುವುದಿಲ್ಲ. ಯುರೋಪಿನ ಹಲವು ದೇಶಗಳು ತಮ್ಮ ಗಡಿಯೊಳಗಿನ ಹೊರಸೂಸುವಿಕೆಯನ್ನು ಗಣನೀಯವಾಗಿ ತಗ್ಗಿಸಿವೆ. ಆದರೆ ಅವು ಬಳಸುವ ಉಕ್ಕು, ಬಟ್ಟೆ, ಯಂತ್ರಗಳು ಏಷ್ಯಾದ ಕುಲುಮೆಗಳಿಂದ ಬರುತ್ತವೆ; ಬಳಕೆಯ ಲೆಕ್ಕ ಹಿಡಿದರೆ ಮೊತ್ತ ಮೇಲೇರುತ್ತದೆ. ನಾರ್ವೆಯಲ್ಲಿ ಜಲವಿದ್ಯುತ್ತು, ವಿದ್ಯುತ್ ಕಾರುಗಳು ಯಥೇಷ್ಟ. ಅದು ಮಾರುವ ತೈಲ ಮತ್ತು ಅನಿಲದ ಹೊಗೆಯಾದರೋ ಕೊಳ್ಳುವವರ ಖಾತೆಗೆ ಬೀಳುತ್ತದೆ. ಭಾರತದೊಳಗೂ ಈ ಅತಿಚಾರವುಂಟು. ಅಂತರರಾಷ್ಟ್ರೀಯ ವೇದಿಕೆಯಲ್ಲಿ ಬಡವನ ಅಲ್ಪ ಬಳಕೆಯನ್ನು ಸೇರಿಸಿ ಸರಾಸರಿ ತೆಗೆಯಲಾಗುತ್ತದೆ. ಆ ಸರಾಸರಿಯ ನೆರಳಿನಲ್ಲಿ ನಗರದ ಶ್ರೀಮಂತನ ಬಳಕೆ ಕಾಣದಾಗುತ್ತದೆ. ಬಡವನು ಇಲ್ಲಿ ಪ್ರೇಷ್ಯನಾಗಿದ್ದಾನೆ.

ದಿಗ್ವ್ರತದ ಕೊನೆಯ ಅತಿಚಾರ ಸ್ಮೃತ್ಯಂತರಾಧಾನ, ಎಂದರೆ ತಾನು ಹಾಕಿಕೊಂಡ ಎಲ್ಲೆಯನ್ನೇ ಮರೆತುಬಿಡುವುದು. ಮರೆವನ್ನು ದೋಷವೆಂದು ಎಣಿಸಿದ್ದು ಆಚಾರ್ಯರ ಮನೋವಿಜ್ಞಾನದ ಸೂಕ್ಷ್ಮತೆಗೆ ಸಾಕ್ಷಿ. ಅಧಿಕಾರದ ಮರೆವು ಅನೇಕ ವೇಳೆ ಅನುಕೂಲದ ಮರೆವು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ರಾಷ್ಟ್ರಗಳು 2020ರ ವೇಳೆಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸುವುದಾಗಿ ಮಾತು ಕೊಟ್ಟವು. ಅವುಗಳದೇ ಆರ್ಥಿಕ ಸಂಘಟನೆಯಾದ ಒಇಸಿಡಿ ಪ್ರಕಾರ ಆ ಮೊತ್ತ ಮೊದಲ ಬಾರಿಗೆ ತಲುಪಿದ್ದು 2022ರಲ್ಲಿ. ಅಮೆರಿಕದ ಸೆನೆಟ್ 1997ರ ಜುಲೈನಲ್ಲಿ, ಕ್ಯೋಟೋ ಸಮ್ಮೇಳನಕ್ಕೆ ಮೊದಲೇ, ಅಭಿವೃದ್ಧಿಶೀಲ ದೇಶಗಳಿಗೆ ಮಿತಿಯಿಲ್ಲದ ಯಾವ ಒಪ್ಪಂದವನ್ನೂ ಒಪ್ಪಬಾರದೆಂದು 95-0 ಮತಗಳಿಂದ ನಿರ್ಣಯಿಸಿತು. 1992ರಲ್ಲಿ ರಿಯೋ ನಗರದಲ್ಲಿ ಅದೇ ದೇಶವು 'ಸಮಾನವಾದ, ಆದರೆ ಭಿನ್ನ ಪ್ರಮಾಣದ ಹೊಣೆ' ಎಂಬ ತತ್ತ್ವಕ್ಕೆ ಒಪ್ಪಿಗೆ ಸೂಚಿಸಿತ್ತು. ಐದೇ ವರ್ಷಗಳಲ್ಲಿ ಎಲ್ಲೆ ಮರೆತುಹೋಯಿತು.

ಇಷ್ಟನ್ನು ಓದಿದವನು, ಹಾಗಾದರೆ ಅಂತರರಾಷ್ಟ್ರೀಯ ಒಪ್ಪಂದಗಳೆಲ್ಲವೂ ಸೋಗು ಎಂಬ ನಿರ್ಣಯಕ್ಕೆ ಬರಬಹುದು. ಅದು ತಪ್ಪು ನಿರ್ಣಯ. 1985ರಲ್ಲಿ ಅಂಟಾರ್ಕ್ಟಿಕದ ಮೇಲಣ ಓಜೋನ್ ಪದರದ ಕ್ಷಯ ಪ್ರಕಟವಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದಿತು. ಅದೂ ರಾಜಿಯೇ. ಮೊದಲ ಕರಾರಿನ ಮಿತಿಗಳು ಸಡಿಲವಾಗಿದ್ದವು, ರಾಸಾಯನಿಕ ಉದ್ಯಮದ ಒತ್ತಡವಿತ್ತು, ಬಡ ರಾಷ್ಟ್ರಗಳಿಗೆ ಹತ್ತು ವರ್ಷಗಳ ಹೆಚ್ಚಿನ ಕಾಲಾವಕಾಶವಿತ್ತು. ಆದರೆ ಯಾವ ವಸ್ತು, ಎಷ್ಟು, ಯಾವ ವರ್ಷದೊಳಗೆ ಎಂಬುದು ಬರೆಯಲ್ಪಟ್ಟಿತ್ತು. ಬಡ ದೇಶಗಳ ವೆಚ್ಚಕ್ಕೆ 1990ರ ಲಂಡನ್ ತಿದ್ದುಪಡಿಯಲ್ಲಿ ನಿಧಿಯ ಏರ್ಪಾಡಾಯಿತು. ಒಪ್ಪಂದದ ಹೊರಗುಳಿದ ದೇಶಗಳೊಡನೆ ಆ ವಸ್ತುಗಳ ವ್ಯಾಪಾರವನ್ನು ನಿರ್ಬಂಧಿಸಿದ್ದರಿಂದ ಪ್ರೇಷ್ಯಪ್ರಯೋಗದ ದಾರಿ ಮುಚ್ಚಿತು. ವಿಜ್ಞಾನದ ವರದಿ ಬಂದಂತೆಲ್ಲ ಮಿತಿಯನ್ನು ಬಿಗಿಗೊಳಿಸುವ ಕ್ರಮವಿತ್ತು. ಇಂದು ಜಗತ್ತಿನ ಎಲ್ಲ ರಾಷ್ಟ್ರಗಳೂ ಅದನ್ನು ಅನುಮೋದಿಸಿವೆ. ನಿಯಂತ್ರಿತ ವಸ್ತುಗಳ ಶೇಕಡ 99ರಷ್ಟು ಬಳಕೆಯಿಂದ ಹೊರಹೋಗಿದೆ. ಓಜೋನ್ ಪದರ ಚೇತರಿಸಿಕೊಳ್ಳುತ್ತಿದೆ. ಪರಿಮಾಣ, ಸಾಕ್ಷಿ, ಅತಿಚಾರಗಳ ಮುನ್ನರಿವು ಮೂರೂ ಕೂಡಿದ ರಾಜಿ ಇದು. ಬುಕ್ಕರಾಯನ ಶಾಸನದಲ್ಲಿಯೂ ಇದ್ದದ್ದು ಅದೇ.

ಈ ಮಾನದಂಡವನ್ನು ಕರ್ನಾಟಕದ ಬೆನ್ನೆಲುಬಾದ ಪಶ್ಚಿಮಘಟ್ಟಕ್ಕೆ ಹಿಡಿದು ನೋಡಬಹುದು. ಜಾಗತಿಕ ತಾಪ ಏರಿದಂತೆ ಗಾಳಿಯು ಹೆಚ್ಚು ತೇವವನ್ನು ಹೊರುತ್ತದೆ. ತಿಂಗಳಿಡೀ ಸುರಿಯಬೇಕಾದ ಮಳೆ ಕೆಲವೇ ದಿನಗಳಲ್ಲಿ ಸುರಿಯುವ ಸಂಭವ ಹೆಚ್ಚುತ್ತದೆ. ಇಂಥ ಮಳೆಯನ್ನು ತಡೆದುಕೊಳ್ಳುವ ಶಕ್ತಿ ಬೆಟ್ಟದ ಇಳಿಜಾರಿನ ಬೇರು, ಮಣ್ಣು, ಕಲ್ಲುಗಳ ಹೊಂದಿಕೆಯಲ್ಲಿದೆ. ಆದ್ದರಿಂದ ಘಟ್ಟದ ರಕ್ಷಣೆಯು ಹವಾಮಾನ ರಾಜಕಾರಣದ ಒಂದು ಪ್ರತ್ಯಕ್ಷ ಪರೀಕ್ಷೆ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞ ಸಮಿತಿಯನ್ನು ಕೇಂದ್ರವು 2010ರಲ್ಲಿ ನೇಮಿಸಿತು. 2011ರ ಆಗಸ್ಟ್‌ನಲ್ಲಿ ವರದಿ ಸಿದ್ಧವಾಯಿತು. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ಮಾಹಿತಿ ಹಕ್ಕಿನ ಹೋರಾಟದ ನಂತರ 2012ರ ಮೇ ತಿಂಗಳಲ್ಲಿ ಅದು ಬೆಳಕಿಗೆ ಬಂದಿತು. 1,29,037 ಚದರ ಕಿಲೋಮೀಟರ್ ವಿಸ್ತಾರದ ಇಡೀ ಘಟ್ಟವನ್ನು ಪರಿಸರ ಸೂಕ್ಷ್ಮವೆಂದು ಗಣಿಸಿ, ಮೂರು ಶ್ರೇಣಿಯ ವಲಯಗಳಾಗಿ ವಿಂಗಡಿಸಿ, ಗಡಿ ಮತ್ತು ನಿಯಮಗಳನ್ನು ಗ್ರಾಮಸಭೆಗಳ ಚರ್ಚೆಯ ಮೂಲಕ ಅಂತಿಮಗೊಳಿಸಬೇಕೆಂದು ಅದು ಸೂಚಿಸಿತು.

ವಿರೋಧ ಎದ್ದಾಗ ಕೆ. ಕಸ್ತೂರಿರಂಗನ್ ನೇತೃತ್ವದ ಎರಡನೆಯ ಸಮಿತಿ ಬಂದಿತು. 2013ರ ಏಪ್ರಿಲ್‌ನಲ್ಲಿ ಅದು ತೋಟ, ಊರು, ಹೊಲಗಳಿರುವ ಭಾಗವನ್ನು ಬೇರ್ಪಡಿಸಿ, ಘಟ್ಟದ ಸುಮಾರು ಶೇಕಡ 37ರಷ್ಟನ್ನು ಮಾತ್ರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಪೂರ್ಣದಿಂದ ಅಂಶಕ್ಕೆ ಬಂದ ಈ ಇಳಿಕೆಯನ್ನು ಮಹಾವ್ರತದಿಂದ ಅಣುವ್ರತಕ್ಕೆ ಬಂದ ರಾಜಿಯೆಂದು ತಿಳಿಯಬಹುದು. ಅದಕ್ಕೊಂದು ಸಂಖ್ಯೆಯಿತ್ತು, ನಕ್ಷೆಯಿತ್ತು. 2014ರ ಮಾರ್ಚ್‌ನಲ್ಲಿ ಹೊರಟ ಕರಡು ಅಧಿಸೂಚನೆಯಲ್ಲಿ ವಿಸ್ತಾರ 56,825 ಚದರ ಕಿಲೋಮೀಟರ್‌ಗೆ ಇಳಿದಿತ್ತು. ಕರ್ನಾಟಕದ ಪಾಲು 20,668. ಅದು ಅಂತಿಮವಾಗಲಿಲ್ಲ. ಅವಧಿ ಮುಗಿದಂತೆಲ್ಲ ಅದೇ ಕರಡನ್ನು ಮತ್ತೆ ಹೊರಡಿಸಲಾಯಿತು: 2015, 2017, 2018, 2022. ಆರನೆಯದು 2024ರ ಜುಲೈ 31ರಂದು. ಅದರ ಹಿಂದಿನ ದಿನ ನಸುಕಿನಲ್ಲಿ ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಜರಿದು ಇನ್ನೂರಕ್ಕೂ ಹೆಚ್ಚು ಜನ ಮಡಿದಿದ್ದರು. ತಾಪ ಏರಿಕೆಯಿಂದಾಗಿ ಅಂದಿನ ಮಳೆಯ ತೀವ್ರತೆ ಸುಮಾರು ಶೇಕಡ 10ರಷ್ಟು ಹೆಚ್ಚಿತ್ತೆಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಕೆಲವೇ ವಾರಗಳಲ್ಲಿ ಅಂದಾಜು ಮಾಡಿತು. ಎರಡು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಕುಸಿದಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದದ್ದು ಇನ್ನೂ ಹಸಿಯಾದ ನೆನಪು.

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ಇದು ಒಂದು ಪಕ್ಷದ ನಿಲುವಲ್ಲ. ಹಿಂದೆ ಬೇರೆ ಪಕ್ಷಗಳ ಸರ್ಕಾರಗಳೂ ಇದನ್ನೇ ಹೇಳಿದ್ದವು. ಉಳಿದೆಲ್ಲದರಲ್ಲಿ ಕಾದಾಡುವ ಪಕ್ಷಗಳು ಇಲ್ಲಿ ಮಾತ್ರ ಒಂದಾಗಿವೆ. ಪ್ರತಿಯೊಂದು ಕುಸಿತಕ್ಕೂ ಈ ತಿರಸ್ಕಾರವೇ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಮಳೆ, ಮಣ್ಣು, ರಸ್ತೆ, ಗಣಿ, ತೋಟಗಳ ಪಾಲು ಒಂದೊಂದೆಡೆ ಒಂದೊಂದು ಬಗೆ. ಮಲೆನಾಡಿನ ರೈತನ ಭಯವೂ ಹುಸಿಯಲ್ಲ. ಬಗರ್‌ಹುಕುಂ ಸಾಗುವಳಿಯ ಪತ್ರಕ್ಕಾಗಿ ದಶಕಗಳಿಂದ ಕಚೇರಿ ಅಲೆಯುತ್ತಿರುವವನಿಗೆ, ಅಣೆಕಟ್ಟಿಗೆ ಭೂಮಿ ಕಳೆದುಕೊಂಡು ಇನ್ನೂ ಹಕ್ಕುಪತ್ರ ಕಾಣದ ಶರಾವತಿ ಕಣಿವೆಯವನಿಗೆ, ಇನ್ನೊಂದು ಸರ್ಕಾರಿ ಗಡಿರೇಖೆಯೆಂದರೆ ಇನ್ನೊಂದು ಒಕ್ಕಲೆಬ್ಬಿಸುವಿಕೆ. ಈ ಭಯಕ್ಕೆ ಉತ್ತರ ಕೊಡುವುದು ರಾಜಕಾರಣದ ಕೆಲಸವಾಗಿತ್ತು. ವರದಿಯನ್ನು ಕನ್ನಡದಲ್ಲಿ ಹಳ್ಳಿಗೆ ಒಯ್ದು, ಯಾವುದು ನಿಷಿದ್ಧ, ಯಾವುದು ಅಲ್ಲ ಎಂದು ಗ್ರಾಮಸಭೆಯಲ್ಲಿ ಓದಿ, ನಷ್ಟವಾಗುವವನಿಗೆ ಯಾರು ಏನು ಕೊಡುತ್ತಾರೆಂದು ಬರೆದುಕೊಡಬೇಕಾಗಿತ್ತು. ಬದಲಿಗೆ ಭಯವನ್ನೇ ಬೆಳೆಸಿ ಮತವಾಗಿ ಕೊಯ್ಯಲಾಯಿತು. ಆರು ಬಾರಿ ಕರಡು ಹೊರಡಿಸುವುದು, ಆರು ಬಾರಿಯೂ ಆಕ್ಷೇಪಿಸುವುದು ಇಬ್ಬರಿಗೂ ಅನುಕೂಲ: ಕೇಂದ್ರಕ್ಕೆ ವ್ರತ ಕೈಗೊಂಡ ತೋರಿಕೆ, ರಾಜ್ಯಕ್ಕೆ ಜನಪರನೆಂಬ ಹೆಸರು. ಕರಡು ಎಂದೂ ಅಂತಿಮವಾಗದಿದ್ದರೆ ಅದನ್ನು ಮುರಿದ ದೋಷವೂ ತಟ್ಟುವುದಿಲ್ಲ. ಅತಿಚಾರಗಳ ಪಟ್ಟಿಗೆ ಪ್ರಾಚೀನರು ಸೇರಿಸದೆ ಬಿಟ್ಟ ಹೊಸ ಬಗೆ ಇದು: ವ್ರತ ಸ್ವೀಕಾರದ ಮುಹೂರ್ತವನ್ನೇ ಸದಾ ಮುಂದೂಡುವುದು.

ಈ ಹಂತದಲ್ಲಿ ಅನೇಕಾಂತವಾದದ ಹೆಸರು ಕೇಳಿಬರುವುದುಂಟು. ಅಭಿವೃದ್ಧಿಯ ದೃಷ್ಟಿಯೂ ಸತ್ಯ, ಪರಿಸರದ ದೃಷ್ಟಿಯೂ ಸತ್ಯ, ಆದ್ದರಿಂದ ನಡುವೆ ನಿಲ್ಲುವುದೇ ಅನೇಕಾಂತ ಎಂಬ ಮಾತು ಭಾಷಣಗಳಲ್ಲಿ ಸಲೀಸಾಗಿ ಬರುತ್ತದೆ. ಇದು ಅನೇಕಾಂತವಲ್ಲ. ವಸ್ತುವು ಅನಂತಧರ್ಮಾತ್ಮಕವಾದ್ದರಿಂದ ಒಂದೊಂದು ನಯವೂ ತನ್ನ ಅಪೇಕ್ಷೆಯಲ್ಲಿ ಸತ್ಯ ಎಂಬುದು ಸಿದ್ಧಾಂತ. ಇತರ ನಯಗಳನ್ನು ಸರ್ವಥಾ ನಿರಾಕರಿಸಿದ ನಯ ದುರ್ನಯವೆನಿಸುತ್ತದೆ. ಅರ್ಥಶಾಸ್ತ್ರಜ್ಞನ ನಯ, ರೈತನ ನಯ, ಭೂವಿಜ್ಞಾನಿಯ ನಯ ಎಲ್ಲವೂ ನಯಗಳೇ. ಆದರೆ ಇಳಿಜಾರು ಎಷ್ಟು ನೀರನ್ನು ತಾಳಬಲ್ಲದೆಂಬುದು ಸಭೆಯ ಬಹುಮತದಿಂದ ಬದಲಾಗದು. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗವಿತ್ತು. ಇಂದು 420 ದಾಟಿದೆ. ಈ ಸಂಖ್ಯೆ ಯಾರೊಡನೆಯೂ ಸಂಧಾನಕ್ಕೆ ಕೂರುವುದಿಲ್ಲ. ಮನುಷ್ಯರ ನಡುವೆ ಹೊರೆಯನ್ನು ಹಂಚಿಕೊಳ್ಳುವಲ್ಲಿ ರಾಜಿಗೆ ಸ್ಥಾನವಿದೆ. ಹೊರೆಯ ತೂಕವನ್ನು ನಿರ್ಧರಿಸುವಲ್ಲಿ ಇಲ್ಲ. ಹಂಚಿಕೆಯ ಪ್ರಶ್ನೆಯನ್ನು ತೂಕದ ಪ್ರಶ್ನೆಯೊಡನೆ ಬೆರೆಸುವುದು ಅನೇಕಾಂತದ ಹೆಸರಿನಲ್ಲಿ ನಡೆಯುವ ಸಂಶಯವಾದ.

ಇನ್ನು ಸಿನಿಕತನ. ರಾಜಕಾರಣಿಯ ಸಿನಿಕತನ ಎಲ್ಲರಿಗೂ ಕಾಣುತ್ತದೆ. ವಿದ್ಯಾವಂತನ ಸಿನಿಕತನ ವಿವೇಕದ ವೇಷದಲ್ಲಿರುವುದರಿಂದ ಬೇಗ ಕಾಣದು. ಎಲ್ಲ ಸಮ್ಮೇಳನಗಳೂ ನಾಟಕ, ಎಲ್ಲ ಪಕ್ಷಗಳೂ ಒಂದೇ, ಇನ್ನು ಕಾಲ ಮೀರಿತು ಎಂಬ ಮಾತುಗಳನ್ನು ಅಂಕಿಅಂಶ ಸಹಿತ ಹೇಳಬಲ್ಲವನು ವಿಶ್ವವಿದ್ಯಾಲಯಗಳ ಪಡಸಾಲೆಯಲ್ಲಿ ಗೌರವ ಪಡೆಯುತ್ತಾನೆ. ಅಕಲಂಕದೇವರ ರಾಜವಾರ್ತಿಕದಲ್ಲಿಯೂ ಅದಕ್ಕೂ ಪ್ರಾಚೀನವಾದ ಆವಶ್ಯಕ ನಿರ್ಯುಕ್ತಿಯಲ್ಲಿಯೂ ಬರುವ ಒಂದು ದೃಷ್ಟಾಂತ ಇವನಿಗೆ ಅನ್ವಯಿಸುತ್ತದೆ. ಕಾಡಿಗೆ ಬೆಂಕಿ ಬಿದ್ದಿದೆ. ಅಂಧನು ಓಡಬಲ್ಲ, ದಾರಿ ಕಾಣದು, ಓಡುತ್ತಲೇ ಸುಟ್ಟುಹೋಗುತ್ತಾನೆ. ಪಂಗುವಿಗೆ ಬೆಂಕಿ ಸ್ಪಷ್ಟವಾಗಿ ಕಾಣುತ್ತದೆ, ಕಾಲಿಲ್ಲ, ನೋಡುತ್ತಲೇ ಸುಟ್ಟುಹೋಗುತ್ತಾನೆ. ಕ್ರಿಯೆಯಿಲ್ಲದ ಜ್ಞಾನವೂ ಜ್ಞಾನವಿಲ್ಲದ ಕ್ರಿಯೆಯೂ ಸಮಾನವಾಗಿ ವ್ಯರ್ಥವೆಂಬುದನ್ನು ತಿಳಿಸಲು ಆಚಾರ್ಯರು ಇದನ್ನು ಬಳಸಿದರು. ಇಬ್ಬರೂ ಕೂಡಿದರೆ, ಒಬ್ಬನ ಕಣ್ಣು ಇನ್ನೊಬ್ಬನ ಕಾಲಿಗೆ ಒದಗಿದರೆ, ಊರು ಸೇರುತ್ತಾರೆ.

ದೃಷ್ಟಾಂತದ ಪಂಗುವು ಅಸಹಾಯಕ, ಸಿನಿಕನು ಹಾಗಲ್ಲ. ಅವನಿಗೆ ಕಾಲಿದೆ, ನಡೆಯುವುದು ವ್ಯರ್ಥವೆಂದು ಮನವರಿಕೆ ಮಾಡಿಕೊಂಡಿದ್ದಾನೆ. ಜೈನ ಪರಿಭಾಷೆಯಲ್ಲಿ ಇದಕ್ಕೆ ಅಜ್ಞಾನವೆಂಬ ಹೆಸರು ಸಲ್ಲದು, ಇದು ಪ್ರಮಾದ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹರಣವನ್ನಷ್ಟೇ ಹೇಳದೆ, ಪ್ರಮಾದಯೋಗವನ್ನು ಮುಂದಿಡುತ್ತದೆ. ಎಚ್ಚರದಿಂದ ನಡೆಯಬಹುದಾಗಿದ್ದವನು ನಡೆಯದಿರುವುದೇ ಹಿಂಸೆಯ ಬೀಜ. ಅಧಿಕಾರಸ್ಥನಿಗೆ ಇಂಥ ಸಿನಿಕನಷ್ಟು ಅನುಕೂಲನಾದ ಪ್ರಜೆ ಇನ್ನೊಬ್ಬನಿಲ್ಲ. ಆರನೆಯ ಕರಡು ಅಧಿಸೂಚನೆ ಬಂದಾಗ ಅವನು ನಕ್ಕು ಸುಮ್ಮನಾಗುತ್ತಾನೆ. ಅರವತ್ತು ದಿನಗಳ ಆಕ್ಷೇಪಣೆಯ ಅವಧಿಯಲ್ಲಿ ಒಂದು ಪತ್ರವೂ ಅವನಿಂದ ಹೊರಡುವುದಿಲ್ಲ.

ಸಿನಿಕನ ವಾದಕ್ಕೆ ವಾಸ್ತವದ ಬೆಂಬಲವೂ ಪೂರ್ಣವಾಗಿಲ್ಲ. 2015ರಲ್ಲಿ ಪ್ಯಾರಿಸ್ ಒಪ್ಪಂದವಾಗುವ ವೇಳೆಗೆ ಈ ಶತಮಾನದ ಅಂತ್ಯಕ್ಕೆ ತಾಪ ಏರಿಕೆ 4 ಡಿಗ್ರಿಯ ಸಮೀಪಕ್ಕೆ ಹೋದೀತೆಂಬ ಅಂದಾಜಿತ್ತು. ಇಂದಿನ ನೀತಿಗಳು ಮುಂದುವರಿದರೆ ಅದು 3 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬಹುದೆಂದು ವಿಶ್ವಸಂಸ್ಥೆಯ ವರದಿಗಳು ಹೇಳುತ್ತವೆ. 3 ಡಿಗ್ರಿಯೂ ವಿಪತ್ತೇ. 2024ನೆಯ ಇಸವಿಯ ಸರಾಸರಿ ತಾಪವು ಕೈಗಾರಿಕಾಪೂರ್ವ ಮಟ್ಟಕ್ಕಿಂತ 1.5 ಡಿಗ್ರಿ ಮೀರಿತು. ಆದರೆ ನಾಲ್ಕಕ್ಕೂ ಮೂರಕ್ಕೂ ನಡುವಣ ಅಂತರದಲ್ಲಿ ಕೋಟ್ಯಂತರ ಬದುಕುಗಳಿವೆ. ಆ ಅಂತರವನ್ನು ಗಳಿಸಿದ್ದು ಅಪೂರ್ಣವಾದ, ಅತಿಚಾರಗಳಿಂದ ಕೂಡಿದ ಒಪ್ಪಂದಗಳೇ. ಅಣುವ್ರತಿಯನ್ನು ಮಹಾವ್ರತಿಯಲ್ಲವೆಂದು ಹಂಗಿಸುವುದರಿಂದ ಒಂದು ಜೀವವೂ ಉಳಿಯದು. ಅವನ ವ್ರತದ ಲೆಕ್ಕವನ್ನು ಕೇಳುವುದರಿಂದ ಉಳಿದೀತು.

ಲೆಕ್ಕ ಕೇಳುವ ಕೆಲಸ ವಿದ್ವಾಂಸರಿಗೆ ಹೊಸದಲ್ಲ. ಶಾಸನದ ಸವೆದ ಅಕ್ಷರದಿಂದ ಒಂದು ಗದ್ದೆಯ ಎಲ್ಲೆಯನ್ನು ಗುರುತಿಸುವವರು, ಪಾಠಾಂತರದಲ್ಲಿ ಒಂದು ಪ್ರತ್ಯಯ ಬದಲಾದರೆ ಅರ್ಥವೆಲ್ಲಿ ಜಾರಿತೆಂದು ಹಿಡಿಯುವವರು ಅಧಿಸೂಚನೆಯ ಭಾಷೆಯನ್ನೂ ಓದಬಲ್ಲರು. 'ಇಲ್ಲವಾಗಿಸು' ಎಂಬುದು 'ತಗ್ಗಿಸು' ಆದಾಗ ಕಳೆದುಹೋದದ್ದೇನು. 1,29,037 ಎಂಬುದು 56,825 ಆದಾಗ ಹೊರಬಿದ್ದ ಊರುಗಳು ಯಾವುವು. 'ಕರಡು' ಎಂಬ ವಿಶೇಷಣವು ಹತ್ತು ವರ್ಷ ಅಳಿಯದೆ ಉಳಿದದ್ದೇಕೆ ಎಂಬ ಪ್ರಶ್ನೆಗಳು ಪಾಠಪರಿಷ್ಕರಣದ ಪ್ರಶ್ನೆಗಳೇ. ಗಾಡ್ಗೀಳ್ ಮತ್ತು ಕಸ್ತೂರಿರಂಗನ್ ವರದಿಗಳ ಕನ್ನಡ ಪಾಠವನ್ನು ಮಲೆನಾಡಿನ ಒಂದೊಂದು ಗ್ರಾಮ ಪಂಚಾಯಿತಿಯ ಪಡಸಾಲೆಯಲ್ಲಿ ಓದಿ ವಿವರಿಸುವ ಕೆಲಸ ಇನ್ನೂ ಬಾಕಿಯಿದೆ. ಬುಕ್ಕರಾಯನು ತನ್ನ ತೀರ್ಪನ್ನು ರಾಜ್ಯದ ಬಸದಿಗಳಲ್ಲಿ ನೆಡಿಸಬೇಕೆಂದು ವಿಧಿಸಿದ್ದನು; ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಅದರ ಪ್ರತಿ ದೊರೆತಿದೆ. ಒಪ್ಪಂದವೊಂದು ಬಾಳಬೇಕಾದರೆ ಅದಕ್ಕೆ ಬದ್ಧರಾದವರೆಲ್ಲರ ಕಣ್ಣಿಗೆ ಅದು ಬೀಳುತ್ತಿರಬೇಕೆಂದು ಆ ಅರಸನಿಗೆ ತಿಳಿದಿತ್ತು.